ಉತಾರದಲ್ಲಿ ಕಾಣದ ಅಕ್ಕತಂಗಿಯರು

“ಪೇಪರೆಲ್ಲಾ ಕ್ಲಿಯರ್ ಅದಾವ್ರೀ ಸರ, ನಾ ಅದೀನಲ್ರೀ!”

2019ರ ಬೇಸಿಗೆಯಲ್ಲಿ ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಏಜೆಂಟ್ ಆಡಿದ ಮಾತಿದು. ಆತ ನಮ್ಮ ಓಣಿಯವನೇ. ಮೊದಲು ಕಿರಾಣಿ ಅಂಗಡಿ ಇಟ್ಟಿದ್ದು, ಅವಳಿನಗರದ ಅಂಚಿನ ಹೊಲಗಳ ಬೆಲೆ ಏರತೊಡಗಿದ ಮೇಲೆ ಪ್ಲಾಟಿನ ವ್ಯವಹಾರಕ್ಕೆ ಇಳಿದವನು. ಸುಳ್ಳುಗಾರನಲ್ಲ. ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿರುವ ನನ್ನ ತಮ್ಮನಿಗೆ ಅವನನ್ನು ಪರಿಚಯಿಸಿದವನು ನಾನೇ ಆದುದರಿಂದ ಮುಂದೆ ನಡೆದುದರಲ್ಲಿ ನನ್ನ ಪಾಲೂ ಇದೆ.

ತಮ್ಮ ಕೇಳಬೇಕಾದುದನ್ನೆಲ್ಲ ಕೇಳಿದ್ದ. ಎನ್.ಎ. ಆದೇಶವಿತ್ತು. ಹುಬ್ಬಳ್ಳಿ–ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ನಮ್ಮ ‘ಹುಡಾ’, ಮಂಜೂರು ಮಾಡಿದ ನಕ್ಷೆಯಿತ್ತು. ರೇರಾ ನೋಂದಣಿ ಸಂಖ್ಯೆಯೂ ಇತ್ತು. ಹೊಲದ ಹಳೆಯ ಉತಾರದಲ್ಲಿ ಇಬ್ಬರು ಅಣ್ಣತಮ್ಮಂದಿರ ಹೆಸರು. ಅವರಿಂದ ಡೆವಲಪರ್ ಕೊಂಡದ್ದಕ್ಕೆ ನೋಂದಾಯಿತ ಖರೀದಿ ಪತ್ರ. ಹದಿಮೂರು ವರ್ಷಗಳ ಋಣಭಾರ ಪ್ರಮಾಣಪತ್ರ ನಿಚ್ಚಳವಾಗಿತ್ತು. ಸಂಚಕಾರ ಕೊಟ್ಟು, ನೋಂದಣಿ ಮುಗಿಸಿ, ನೂರಕ್ಕೆ ಎರಡರಂತೆ ದಲಾಲಿಯನ್ನೂ ಸಂತೋಷದಿಂದಲೇ ಕೊಟ್ಟೆವು.

2021ರಲ್ಲಿ ಸಿವಿಲ್ ನ್ಯಾಯಾಲಯದ ಸಮನ್ಸ್ ಬಂದಿತು. ಹೊಲ ಮಾರಿದ ಅಣ್ಣತಮ್ಮಂದಿರಿಗೆ ಇಬ್ಬರು ಅಕ್ಕತಂಗಿಯರಿದ್ದರು. ಅವರು ತಮ್ಮ ಪಾಲು ಕೇಳಿ ದಾವೆ ಹೂಡಿದ್ದರು. ಪ್ಲಾಟು ಕೊಂಡವರೆಲ್ಲ ಪ್ರತಿವಾದಿಗಳು.

ಏಜೆಂಟನನ್ನು ಕರೆಸಿ ಸಮನ್ಸ್ ತೋರಿಸಿದೆ. “ಅವರು ಮದುವಿಯಾಗಿ ಕೊಟ್ಟ ಮನಿಗೆ ಹೋಗಿ ಮೂವತ್ತ ವರ್ಷಾತ್ರೀ ಸರ, ಅವರದೇನ್ ಬರತೈತಿ?” ಎಂದ. ಅವನ ದನಿಯಲ್ಲಿದ್ದುದು ನಿಜವಾದ ಅಚ್ಚರಿ. ಅದೇ ಲೇಔಟಿನಲ್ಲಿ ತನ್ನ ಮಗಳ ಹೆಸರಿಗೆ ಅವನೂ ಒಂದು ಪ್ಲಾಟು ಹಿಡಿದಿದ್ದ.

ಅವರದು ಬರುತ್ತದೆ. ಕರ್ನಾಟಕವು ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರಷ್ಟು ಹಿಂದೆಯೇ ತಿದ್ದುಪಡಿ ತಂದು ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿಯು ಮದುವೆಯ ಭೇದವನ್ನೂ ಅಳಿಸಿತು. ಆ ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಲೇಬೇಕೆಂದಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅದಿರಲಿ, 1956ರ ಮೂಲ ಕಾಯ್ದೆಯಲ್ಲೂ ತೀರಿಕೊಂಡ ತಂದೆಯ ಭಾಗದಲ್ಲಿ ಮಗಳಿಗೆ ಹಕ್ಕಿತ್ತು. ನಮ್ಮ ಕಡೆಯ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ತಮ್ಮೊಳಗೇ ವಾಟ್ನಿ ಮಾಡಿಕೊಂಡು ಉತಾರದಲ್ಲಿ ಹೆಸರು ಹಚ್ಚಿಸಿಕೊಳ್ಳುವ ರೂಢಿ ಹಳೆಯದು. ಆದರೆ ಉತಾರ ಕಂದಾಯದ ದಾಖಲೆಯೇ ಹೊರತು ಒಡೆತನವನ್ನು ಸೃಷ್ಟಿಸುವ ಪತ್ರವಲ್ಲ. ಋಣಭಾರ ಪ್ರಮಾಣಪತ್ರವಾದರೂ ಅಷ್ಟೇ: ಆ ಅವಧಿಯಲ್ಲಿ ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ಅದು ಹೇಳುತ್ತದೆ. ಸಹಿ ಹಾಕದ ಅಕ್ಕ ಅದರಲ್ಲಿ ಕಾಣಿಸುವುದು ಹೇಗೆ?

ಈಗ ರೇರಾ ಬಂದಿದೆಯಲ್ಲ ಎನ್ನಬಹುದು. 2016ರ ಆ ಕಾಯ್ದೆಯ 9ನೆಯ ಕಲಮು ಏಜೆಂಟರಿಗೆ ನೋಂದಣಿಯನ್ನು ಕಡ್ಡಾಯಗೊಳಿಸಿತು. 10ನೆಯ ಕಲಮಿನಂತೆ ಅವರು ನೋಂದಣಿಯಾಗದ ಯೋಜನೆಯನ್ನು ಮಾರಿಸಕೂಡದು, ಇಲ್ಲದ ಸೌಲಭ್ಯ ಹೇಳಕೂಡದು, ಕೊಳ್ಳುವವನಿಗೆ ಸಲ್ಲಬೇಕಾದ ಕಾಗದಗಳು ದೊರೆಯಲು ನೆರವಾಗಬೇಕು. ನಮ್ಮ ಏಜೆಂಟ್ ಇದಿಷ್ಟನ್ನೂ ಚಾಚೂ ತಪ್ಪದೆ ಮಾಡಿದ್ದ! ಕಾಗದ ಒದಗಿಸಿದ; ಓದಲು ಅವನಿಗೆ ಬರುತ್ತಿರಲಿಲ್ಲ. ಬರಬೇಕೆಂದು ಆ ಕಲಮುಗಳು ಕೇಳುವುದೂ ಇಲ್ಲ. ಗಡಿಯಾಚೆಯ ಮಹಾರಾಷ್ಟ್ರದ ರೇರಾ ಪ್ರಾಧಿಕಾರವು 2023ರಲ್ಲಿ ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಒಳ್ಳೆಯ ಕೆಲಸವೇ. ಆದರೆ ಪರೀಕ್ಷೆ ಪಾಸಾದವನೂ ವಕೀಲನಾಗುವುದಿಲ್ಲ, ಮತ್ತು ಅರ್ಧ ತಿಳಿದವನ ಧೈರ್ಯ ಏನೂ ತಿಳಿಯದವನದಕ್ಕಿಂತ ಹೆಚ್ಚು ಎಂಬ ಅಳುಕು ನನಗಿದೆ.

ಆ ಧೈರ್ಯವನ್ನು 2020ರ ನಂತರ ಕಣ್ಣಾರೆ ಕಂಡೆವು. ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ಸರ್ಕಾರ ಆ ವರ್ಷ ತೆಗೆದುಹಾಕಿದಾಗ, “ಇನ್ನ ಯಾರ ಬೇಕಾದ್ರೂ ಹೊಲಾ ತಗೋಬಹುದು, ಮನಿ ಕಟ್ಟಬಹುದು” ಎಂಬ ಮಾತು ಚಹಾದಂಗಡಿಗಳಲ್ಲಿ ಹರಡಿತು. ಗುಂಟೆ ಪ್ಲಾಟಿನವರಿಗೆ ಸುಗ್ಗಿ. ತಿದ್ದುಪಡಿ ಹೇಳಿದ್ದು ಮೊದಲರ್ಧವನ್ನು ಮಾತ್ರ. ಹೊಲ ಕೊಳ್ಳುವವನ ಮೇಲಿದ್ದ ನಿರ್ಬಂಧ ಹೋಯಿತು. ಹೊಲವನ್ನು 1,089 ಚದರ ಅಡಿಯ ಗುಂಟೆಗಳಾಗಿ ಹರಿದು ಮಾರಿದರೆ ಬಡಾವಣೆಗೆ ಮಂಜೂರಾತಿ ತಾನಾಗಿ ಬರುತ್ತದೆಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ.

ಇಷ್ಟಕ್ಕೂ ಏಜೆಂಟನನ್ನು ಮಾತ್ರ ದೂರಿ ನಾನು ಪಾರಾಗಲಾರೆ. ಅವನು ಜಾಗ ತೋರಿಸಿದ, ಬೆಲೆ ಕುದುರಿಸಿದ; ಆ ಕೆಲಸ ಅವನಿಗೆ ಗೊತ್ತಿತ್ತು. “ಕ್ಲಿಯರ್” ಎಂಬ ಅವನ ಮಾತನ್ನು ಕಾನೂನು ಅಭಿಪ್ರಾಯವೆಂದು ತಿಳಿದವರು ನಾವು. ವಕೀಲರ ಫೀಸು ಉಳಿಯಿತೆಂದು ಹಿಗ್ಗಿದವರೂ ನಾವೇ. ಸಂಚಕಾರ ಕೊಡುವ ಮುನ್ನ ವಕೀಲರೊಬ್ಬರು ಮಾರುವವರ ವಂಶಾವಳಿಯನ್ನು ತರಿಸಿ, ಅದರಲ್ಲಿರುವ ಹೆಣ್ಣುಮಕ್ಕಳು ಯಾವ ಪತ್ರಕ್ಕೆ ಸಹಿ ಮಾಡಿದ್ದಾರೆಂದು ನೋಡಿದ್ದರೆ ಸಾಕಿತ್ತು; ಒಂದು ಮಧ್ಯಾಹ್ನದ ಕೆಲಸ.

ದಾವೆಗೆ ವಕೀಲರನ್ನು ಹಿಡಿದ ಮೇಲೆ ಒಂದು ಸಂಗತಿ ತಿಳಿಯಿತು. ರೇರಾದ 18(2)ನೆಯ ಕಲಮಿನಂತೆ, ಜಮೀನಿನ ಹಕ್ಕಿನಲ್ಲಿಯೇ ದೋಷವಿದ್ದು ಕೊಂಡವನಿಗೆ ನಷ್ಟವಾದರೆ ಯೋಜನೆಯ ಪ್ರವರ್ತಕರು ಪರಿಹಾರ ಕೊಡಬೇಕು. ಅದನ್ನು ಕೇಳಲು ಕಾಲಮಿತಿಯ ಅಡ್ಡಿಯಿಲ್ಲ. ಕೊಂಡವನ ಪಾಲಿಗೆ ಇಡೀ ಕಾಯ್ದೆಯಲ್ಲಿ ಇದಕ್ಕಿಂತ ಬಲವಾದ ಮಾತಿಲ್ಲ ಎಂದು ನನ್ನ ಎಣಿಕೆ. ಏಜೆಂಟನಿಗೂ ಇದು ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಐನೂರು ಚದರ ಮೀಟರಿನೊಳಗಿನ ಚಿಕ್ಕ ಯೋಜನೆಗಳಿಗೆ ರೇರಾ ನೋಂದಣಿಯ ಕಟ್ಟುಪಾಡೇ ಇಲ್ಲವೆಂಬುದನ್ನೂ ಅಂದೇ ಕೇಳಿದೆ.

ದಾವೆ ಇನ್ನೂ ಮುಗಿದಿಲ್ಲ. ಒಂದು ತಾರೀಖಿನ ದಿನ ನ್ಯಾಯಾಲಯದ ಆವರಣದ ಮರದ ಕೆಳಗೆ ಆ ಅಕ್ಕತಂಗಿಯರಲ್ಲಿ ಹಿರಿಯಾಕೆ ಕುಳಿತಿದ್ದರು. ಅರವತ್ತು ದಾಟಿದ ವಯಸ್ಸು, ಕೈಯಲ್ಲಿ ಬುತ್ತಿಯ ಚೀಲ. ನಮ್ಮ ತಮ್ಮನೂ ಪ್ಲಾಟು ಕೊಂಡವನೆಂದು ಹೇಳಿಕೊಂಡೆ. ಆಕೆ ಸಿಟ್ಟಾಗಲಿಲ್ಲ. “ಸಹಿ ಮಾಡತಿದ್ದೆನೋ ಇಲ್ಲೋ, ಅದು ಬ್ಯಾರೆ ಮಾತ್ರೀ ಅಣ್ಣಾರ. ಕೇಳಾಕ ಯಾರೂ ಬರಲೇ ಇಲ್ಲ,” ಎಂದರು.