ನಂದಿಯ ನೆತ್ತಿಗೆ ಮಂಜೇ ಮಳೆ

ವೈಟ್‌ಫೀಲ್ಡಿನ ಪಿಜಿಗಳಿಂದ, ಪೀಣ್ಯದ ರಾತ್ರಿ ಪಾಳಿಯಿಂದ ನೇರ ಬೈಕು ಹತ್ತಿ ಭಾನುವಾರ ನಸುಕಿಗೇ ನಂದಿಬೆಟ್ಟ ಸೇರುವವರಿಗೆ ಬೇಕಾದದ್ದು ಎರಡು: ಹುಟ್ಟುವ ಸೂರ್ಯ, ಕಾಲ ಕೆಳಗೆ ಹಾಸಿಕೊಂಡ ಮೋಡ. ಫೋಟೊ ತೆಗೆದದ್ದೇ ಬಹುತೇಕರು ಇಳಿದುಬಿಡುತ್ತಾರೆ. ಬೆನ್ನ ಹಿಂದೆ ಇರುವ ಕಾಡನ್ನು ಸಾಕಿದ್ದು ಬೆಟ್ಟಕ್ಕೇ ಕವಿಯುವ ಮೋಡ ಎಂಬುದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಸುತ್ತಲಿನದು ಅಪ್ಪಟ ಬಯಲುಸೀಮೆ. ವರ್ಷಕ್ಕೆ 750 ಮಿಲಿಮೀಟರ್ ಆಸುಪಾಸು ಮಳೆ, ವರ್ಷವಿಡೀ ಹರಿಯುವ ಒಂದೂ ನದಿಯಿಲ್ಲ. ವಾಹನ ಬಿಟ್ಟು ಸುಲ್ತಾನ್‌ಪೇಟೆ ಕಡೆಯ ಹಳೆಯ ಮೆಟ್ಟಿಲು ದಾರಿಯಲ್ಲಿ ಹತ್ತಿ ನೋಡಿ. ಬುಡದಲ್ಲಿ ಸಿಗುವುದು ಕುರುಚಲು: ಕಾರೆ, ತಂಗಡಿ, ಬಂದರೆ, ಎಲ್ಲೆಂದರಲ್ಲಿ ಲಂಟಾನ. ಬಂದರೆ ಎಲೆಯನ್ನು ಬೆರಳಲ್ಲಿ ತಿಕ್ಕಿದರೆ ಅಂಟಂಟು. ಒಳಗಿನ ನೀರು ಬಿಸಿಲಿಗೆ ಆರಿಹೋಗದಂತೆ ಗಿಡ ತಾನೇ ಬಳಿದುಕೊಂಡ ರಾಳ ಅದು. ಏರಿದಂತೆ ಮರಗಳು ಎತ್ತರವಾಗುತ್ತವೆ, ನೆರಳು ದಟ್ಟವಾಗುತ್ತದೆ. 1,478 ಮೀಟರ್ ಎತ್ತರದ ನೆತ್ತಿ ತಲಪುವಷ್ಟರಲ್ಲಿ ಕಾಂಡಗಳ ಮೇಲೆ ಹಸಿರು ಪಾಚಿ, ಬಂಡೆಗಳ ಮೇಲೆ ಕಲ್ಲುಹೂವು, ಸಂದುಗಳಲ್ಲಿ ಜರೀಗಿಡ. ಅಲ್ಲಿನ ಮರಗಳೆಲ್ಲ ತಾವಾಗಿ ಬೆಳೆದವಲ್ಲ, ನೆಟ್ಟು ಬೆಳೆಸಿದ ನೀಲಗಿರಿಯೂ ಇದೆ. ಆದರೆ ಪಾಚಿಯನ್ನು ಯಾರೂ ನೆಟ್ಟಿಲ್ಲ.

ಇಷ್ಟು ತೇವ ಎಲ್ಲಿಂದ ಬಂತು? ಬೆಟ್ಟ ಸುತ್ತಲಿನ ಬಯಲಿಗಿಂತ ಐನೂರು ಮೀಟರಿಗೂ ಮಿಗಿಲಾಗಿ ಎದ್ದು ನಿಂತಿದೆ. ಮುಂಗಾರಿನ ಪಡುವಣ ಗಾಳಿ ಇಳಿಜಾರಿಗೆ ಬಡಿದು ಮೇಲೇರಲೇಬೇಕು. ಏರುವ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ತಣಿಯುತ್ತದೆ: ಪ್ರತಿ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿ ಸೆಲ್ಸಿಯಸ್. ಮಳೆಗಾಲದ ಬೆಳಗಿನ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಎರಡು ಮೂರು ಡಿಗ್ರಿ ತಣಿದರೂ ಸಾಕು, ಆವಿ ಹನಿಗಟ್ಟುತ್ತದೆ. ಬಯಲಿನವರಿಗೆ ಅದು ಬೆಟ್ಟಕ್ಕೆ ಕವಿದ ಮೋಡ, ಮೇಲಿದ್ದವರಿಗೆ ಮಂಜು.

ಚಳಿಗಾಲದ್ದು ಬೇರೆ ಲೆಕ್ಕ. ಮೋಡವಿಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ. ಭಾರವಾದ ತಣ್ಣನೆ ಗಾಳಿ ಕಣಿವೆಗೆ, ಕೆರೆಯಂಗಳಕ್ಕೆ ಇಳಿದು ಅಲ್ಲೇ ಮಂಜಾಗುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿಯ ಪದರವೊಂದು ಮುಚ್ಚಳದಂತೆ ಕೂತಿರುವುದರಿಂದ ಮಂಜು ಮೇಲೇಳಲಾರದು. ಫೋಟೊಗಳಲ್ಲಿ ಕಾಣುವ ಬಿಳಿ ಕಡಲು ಹೆಚ್ಚಾಗಿ ಇದೇ. ಬಿಸಿಲೇರಿ ನೆಲ ಕಾದೊಡನೆ ಕರಗಿಹೋಗುತ್ತದೆ.

ಮಂಜಿನ ಹನಿ ಹತ್ತಿಪ್ಪತ್ತು ಮೈಕ್ರಾನಿನಷ್ಟು, ಕೂದಲೆಳೆಗಿಂತಲೂ ಸಣ್ಣದು. ತಾನಾಗಿ ನೆಲಕ್ಕೆ ಬೀಳುವಷ್ಟು ತೂಕ ಅದಕ್ಕಿಲ್ಲ. ಗಾಳಿ ಅದನ್ನು ಎಲೆಗೆ, ಪಾಚಿಯ ಎಳೆಗೆ ತಂದು ಬಡಿಯಬೇಕು. ಅಲ್ಲಿ ಹನಿಗೆ ಹನಿ ಕೂಡಿ ದಪ್ಪವಾಗಿ ತೊಟ್ಟಿಕ್ಕುತ್ತದೆ. ಅದಕ್ಕೇ ಮಳೆಯಿಲ್ಲದ ಮುಂಜಾವಿನಲ್ಲೂ ಬಯಲಾದ ಬಂಡೆಗಿಂತ ಮರದ ಬುಡ ಹೆಚ್ಚು ನೆನೆದಿರುತ್ತದೆ. ಮರ ಕಡಿದರೆ ಮಂಜು ಬರುವುದೇನೂ ನಿಲ್ಲುವುದಿಲ್ಲ. ಅದನ್ನು ಹಿಡಿದು ನೀರಾಗಿಸುವ ಎಲೆಗಳು ಇರುವುದಿಲ್ಲ, ಅಷ್ಟೆ. "ಮಂಜು ಕವಿದು ಏನೂ ಕಾಣಲಿಲ್ಲ, ಹೋದದ್ದು ದಂಡ" ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕಾಡು ನೀರು ಕುಡಿಯುವುದನ್ನು ಕಣ್ಣಾರೆ ನೋಡಬಹುದಾದ ದಿನ ಅದೇ.

ಒಣನೆಲದ ನಡುವೆ ತೇವದ ಇಂಥ ದ್ವೀಪಗಳು ಬೇರೆಡೆಯೂ ಇವೆ. ಅಮೆರಿಕದ ಅರಿಜೋನಾದಲ್ಲಿ ಟೂಸಾನ್ ನಗರದ ಪಕ್ಕದ ಮೌಂಟ್ ಲೆಮನ್ ಬುಡದಲ್ಲಿ ಪಾಪಾಸುಕಳ್ಳಿಯ ಮರುಭೂಮಿ, ಸುಮಾರು 2,790 ಮೀಟರ್ ಎತ್ತರದ ತುದಿಯಲ್ಲಿ ಪೈನ್, ಫರ್ ಕಾಡು. ನಂದಿಯೂ ಅಂಥ ದ್ವೀಪ ಎಂಬುದಕ್ಕೆ ಗುರುತು ಹಕ್ಕಿಗಳು. ಪಶ್ಚಿಮಘಟ್ಟದ ದಟ್ಟ ಕಾಡಿನ ನೀಲಗಿರಿ ಮರಪಾರಿವಾಳ ಘಟ್ಟದಿಂದ ಇಷ್ಟು ದೂರದ ಈ ನೆತ್ತಿಯಲ್ಲೂ ಕಾಣಿಸುತ್ತದೆ. ಕೆಳಗಿನ ಬಂಡೆ-ಕುರುಚಲಿನಲ್ಲಿರುವುದು ಹಳದಿ ಕೊರಳಿನ ಪಿಕಳಾರ, ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ಎರಡೂ ಅಪಾಯದಂಚಿನ ಪಟ್ಟಿಯಲ್ಲಿವೆ.

ಈ ಕಾಡು ನಿಂತಿರುವ ಬಂಡೆಯ ಮೇಲಿನ ಮಣ್ಣು ತೆಳು. 2021ರ ಆಗಸ್ಟ್‌ನಲ್ಲಿ ಒಂದು ರಾತ್ರಿಯ ಜೋರು ಮಳೆಗೆ ಗುಡ್ಡ ಜರಿದು ರಸ್ತೆ ಕೊಚ್ಚಿಹೋಯಿತು. ಪ್ರವಾಸಿಗರಿಗೆ ಬೆಟ್ಟ ತಿಂಗಳುಗಟ್ಟಲೆ ಮುಚ್ಚಿತ್ತು. ಬೆಟ್ಟದ ನೀರು ಕೆಳಗಿನ ಊರುಗಳಿಗೂ ಸೇರಿದ್ದು: ಅರ್ಕಾವತಿ ನದಿ ಹುಟ್ಟುವುದು ಇಲ್ಲೇ. 1894ರಲ್ಲಿ ಅದಕ್ಕೆ ಅಡ್ಡಲಾಗಿ ಹೆಸರಘಟ್ಟ ಕೆರೆ ಕಟ್ಟಿದ ಮೇಲೆಯೇ ಬೆಂಗಳೂರಿಗೆ ಕೊಳವೆ ನೀರು ಬಂದದ್ದು. ನೆರೆಯ ಗುಡ್ಡಗಳಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆ ಹಾದು, ವೈಟ್‌ಫೀಲ್ಡಿನ ಪೂರ್ವಕ್ಕೆ ಸಾಗಿ ತಮಿಳುನಾಡು ಸೇರುತ್ತದೆ. ಆ ದಾರಿಯಲ್ಲಿ ಅದಕ್ಕೆ ಕೂಡಿಕೊಳ್ಳುವುದು ನಗರದ ಕೊಳಚೆ. ಹೊಸೂರಿನ ಕೆಲವರಪಳ್ಳಿ ಜಲಾಶಯದಲ್ಲಿ ಮತ್ತೆ ಮತ್ತೆ ನೊರೆಯೇಳುವುದು ಇದೇ ನೀರಿನಿಂದ.