ಮುಂಗಾರಿನ ಮರುವರ್ಷ ಮಲೆನಾಡು ಕಾದ ಚಿತ್ರ

ಒಂದು ಚಲನಚಿತ್ರವು ತೆರೆ ಕಾಣುವುದಕ್ಕೆ ಮೊದಲೇ ಮನೆಮನೆಯ ಮಾತಾಗುವುದು ನಮ್ಮ ಸಕಲೇಶಪುರ, ಆಲೂರು ಸೀಮೆಯ ಗುಡ್ಡಗಾಡಿನಲ್ಲಿ ಅಪರೂಪದ ಸಂಗತಿ. ಇಲ್ಲಿನ ಮಾತುಕತೆಯೆಲ್ಲ ಸಾಮಾನ್ಯವಾಗಿ ಮಳೆ, ಕಾಫಿಯ ಧಾರಣೆ, ಮೆಣಸಿನ ಬಳ್ಳಿಗೆ ತಗುಲಿದ ರೋಗ, ಮಕ್ಕಳ ಓದು, ನೆಂಟರಿಷ್ಟರ ಮನೆಯ ಮದುವೆ, ಇವುಗಳ ಸುತ್ತಲೇ ತಿರುಗುವಂಥದು. ಆದರೆ 2007ನೆಯ ಇಸವಿಯಲ್ಲಿ ಈ ಮಾತುಗಳ ನಡುವೆ ಇನ್ನೊಂದು ಪ್ರಶ್ನೆಯೂ ನುಸುಳಿಕೊಂಡಿತ್ತು: ಯೋಗರಾಜ ಭಟ್ಟರ ಮುಂದಿನ ಚಿತ್ರ ಹೇಗಿದ್ದೀತು? ಆ ಚಿತ್ರವೇ ‘ಗಾಳಿಪಟ’. ಇಂದು ಹಿಂದಿರುಗಿ ನೋಡಿದರೆ, ಒಂದು ಚಿತ್ರದ ನೆಪದಲ್ಲಿ ನಾವು ನಮ್ಮನ್ನೇ ತೆರೆಯ ಮೇಲೆ ಕಾಣಲು ಹಂಬಲಿಸುತ್ತಿದ್ದೆವೆಂದು ತೋರುತ್ತದೆ.

ಮಳೆಗೆ ಬಂದ ಮರ್ಯಾದೆ

ಈ ಹಂಬಲಕ್ಕೆ ಕಾರಣವಾದದ್ದು 2006ರ ಡಿಸೆಂಬರ್ 29ರಂದು ತೆರೆಗೆ ಬಂದ ‘ಮುಂಗಾರು ಮಳೆ’. ಅದಕ್ಕೆ ಮುನ್ನ ‘ಮಣಿ’, ‘ರಂಗ ಎಸ್‌ಎಸ್‌ಎಲ್‌ಸಿ’ ಎಂಬ ಎರಡು ಚಿತ್ರಗಳನ್ನು ನಿರ್ದೇಶಿಸಿದ್ದ ಭಟ್ಟರ ಹೆಸರನ್ನು ನಮ್ಮ ಕಡೆ ಬಲ್ಲವರು ವಿರಳ. ಇ. ಕೃಷ್ಣಪ್ಪನವರು ನಿರ್ಮಿಸಿದ, ಗಣೇಶ್ ಮತ್ತು ಪೂಜಾ ಗಾಂಧಿ ನಟಿಸಿದ ಆ ಚಿತ್ರ ಮೊದಲು ಬಾಯಿಂದ ಬಾಯಿಗೆ ಹಬ್ಬಿತು. ಬಳಿಕ ನಾಡನ್ನೆಲ್ಲ ತೊಯ್ಯಿಸಿತು. ಮನೋಮೂರ್ತಿಯವರ ಸಂಗೀತ, ಜಯಂತ ಕಾಯ್ಕಿಣಿಯವರೇ ಮೊದಲಾದವರ ಸಾಹಿತ್ಯ, ಎಸ್. ಕೃಷ್ಣ ಅವರ ಛಾಯಾಗ್ರಹಣ ಮೂರೂ ಒಂದಕ್ಕೊಂದು ಹೊಂದಿಕೊಂಡವು. ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲಿ ಅದು ವರ್ಷಕ್ಕೂ ಮೀರಿ ನಡೆದು ದಾಖಲೆಯಾಯಿತು.

ಮಡಿಕೇರಿ, ಜೋಗಗಳೊಂದಿಗೆ ಸಕಲೇಶಪುರವೂ ಆ ಚಿತ್ರದ ಚಿತ್ರೀಕರಣ ತಾಣಗಳಲ್ಲೊಂದು. ಇದು ನಮ್ಮವರ ಮನಸ್ಸಿನ ಮೇಲೆ ಮಾಡಿದ ಪರಿಣಾಮವನ್ನು ಹೊರಗಿನವರು ಊಹಿಸುವುದು ಕಷ್ಟ. ಮಳೆಯೆಂದರೆ ನಮಗೆ ಕಂಬಳಿಕೊಪ್ಪೆ, ಇಂಬಳದ ಕಾಟ, ವಾರಗಟ್ಟಲೆ ಇಲ್ಲದ ವಿದ್ಯುತ್ತು, ಹಳ್ಳ ತುಂಬಿ ಶಾಲೆಗೆ ಹೋಗಲಾರದ ಮಕ್ಕಳು, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಬೇಕಾದ ಸೌದೆ. ಅದೇ ಮಳೆಯನ್ನು ನಾಡಿನ ಜನ ಹಣ ಕೊಟ್ಟು ನೋಡಲು ಸಾಲುಗಟ್ಟಿ ನಿಂತರು. ನಮ್ಮ ಮನೆಯ ಹಿರಿಯರೊಬ್ಬರು ಚಿತ್ರ ನೋಡಿ ಬಂದ ರಾತ್ರಿ ಜಗಲಿಯಲ್ಲಿ ಕುಳಿತು, ಎಪ್ಪತ್ತು ವರ್ಷ ಬೈದ ಮಳೆಯನ್ನು ಅಂದು ಮೊದಲ ಬಾರಿಗೆ ಸುಮ್ಮನೆ ನೋಡಿದರು. ನಾವು ಯಾರೂ ಮಾತನಾಡಿಸಲಿಲ್ಲ.

ಒಂದೊಂದು ವಯಸ್ಸಿಗೆ ಒಂದೊಂದು ಆಸೆ

ಇಂಥ ಚಿತ್ರವನ್ನು ಕೊಟ್ಟವರು ಮತ್ತೆ ಬೆಟ್ಟಕ್ಕೇ ಬರುತ್ತಾರೆ, ಪಟ್ಟಣದಿಂದ ಬೇಸತ್ತ ಮೂವರು ಗೆಳೆಯರು ಮುಗಿಲುಪೇಟೆಯೆಂಬ ಊರಿಗೆ ಹೋಗುವ ಕಥೆಯಂತೆ ಎಂಬ ಸುದ್ದಿ ಹರಡಿದಾಗ, ಮನೆಯೊಳಗಣ ನಿರೀಕ್ಷೆಗಳು ಒಂದೇ ಬಗೆಯವಾಗಿರಲಿಲ್ಲ. ತರುಣರಿಗೆ ಗಣೇಶರ ಚುರುಕು ಮಾತು ಬೇಕಿತ್ತು. ಗಾಯಕರಾದ ರಾಜೇಶ್ ಕೃಷ್ಣನ್ ನಟರಾಗಿ ಹೇಗೆ ಕಾಣುವರೆಂಬ ಕುತೂಹಲವಿತ್ತು. ಹಾಡು ಕೇಳುವವರಿಗೆ ವಿ. ಹರಿಕೃಷ್ಣರ ಸಂಗೀತ ಹಿಂದಿನದಕ್ಕೆ ಸರಿಸಾಟಿಯಾದೀತೇ ಎಂಬ ಅನುಮಾನ. ಹೆಂಗಸರ ಆಸೆ ಸರಳವಾದದ್ದು: ಅತ್ತೆ, ಸೊಸೆ, ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಯಾರೂ ತಲೆ ತಗ್ಗಿಸದೆ ನೋಡಬಹುದಾದ ಚಿತ್ರವಾಗಿರಲಿ. ಹಿರಿಯರಿಗೆ ಹಿಡಿಸಿದ್ದು ‘ಮುಂಗಾರು ಮಳೆ’ಯ ಕೊನೆ. ತಾನು ಪ್ರೀತಿಸಿದವಳನ್ನು ಪಡೆಯುವ ಅವಕಾಶವಿದ್ದೂ ಒಂದು ಮನೆಯ ಮರ್ಯಾದೆಗಾಗಿ ಬಿಟ್ಟುಕೊಟ್ಟು ಹೊರಡುವ ಹುಡುಗ ಅವರಿಗೆ ತಮ್ಮ ಮನೆಯವನಂತೆ ಕಂಡಿದ್ದ. ಅಂಥ ಇನ್ನೊಬ್ಬನನ್ನು ಅವರು ನಿರೀಕ್ಷಿಸುತ್ತಿದ್ದರು.

ಆದರೆ ಪ್ರಸಿದ್ಧಿಗೆ ಬಂದ ನಿರ್ದೇಶಕನಿಗೆ ಇದಕ್ಕಿಂತ ದೊಡ್ಡ ಹೊರೆ ಬೇರೊಂದಿಲ್ಲ. ಮೊದಲಿನಂತೆಯೇ ಮಾಡಿದರೆ ಹಳಸಲು ಎನ್ನುತ್ತೇವೆ. ಬೇರೆಯಾಗಿ ಮಾಡಿದರೆ ಹಿಂದಿನಂತಿಲ್ಲ ಎನ್ನುತ್ತೇವೆ. ಪುಟ್ಟಣ್ಣ ಕಣಗಾಲರ ಕಾಲವನ್ನು ಕಂಡವರಿಗೆ ಇದು ಹೊಸ ವಿಷಯವೇನಲ್ಲ. 1972ರ ‘ನಾಗರಹಾವು’ ಚಿತ್ರದುರ್ಗದ ಕೋಟೆಯನ್ನು ಜನಮನದಲ್ಲಿ ನೆಲೆಗೊಳಿಸಿತು. ಮರುವರ್ಷ ಅವರು ಇನ್ನೊಂದು ಕೋಟೆಯನ್ನು ಹುಡುಕಿಕೊಂಡು ಹೋಗಲಿಲ್ಲ. ಭಾರತೀಸುತರ ಕಾದಂಬರಿಯನ್ನು ಆಧರಿಸಿ ‘ಎಡಕಲ್ಲು ಗುಡ್ಡದ ಮೇಲೆ’ ಎಂಬ, ಗೃಹಿಣಿಯೊಬ್ಬಳ ಅಂತರಂಗವನ್ನು ಶೋಧಿಸುವ ಚಿತ್ರ ಮಾಡಿದರು. ಪ್ರೇಕ್ಷಕರ ಆಸೆಯನ್ನು ಗೌರವಿಸುವುದು ಬೇರೆ, ಅದಕ್ಕೆ ಅಡಿಯಾಳಾಗುವುದು ಬೇರೆ ಎಂಬುದನ್ನು ಅವರು ಬಲ್ಲವರಾಗಿದ್ದರು.

ಕಣದಲ್ಲಿ ಕಾಫಿ, ಮನದಲ್ಲಿ ಚಿತ್ರ

‘ಗಾಳಿಪಟ’ ಬಿಡುಗಡೆಯಾದದ್ದು 2008ರ ಜನವರಿ 18ರಂದು, ಸಂಕ್ರಾಂತಿ ಕಳೆದ ವಾರದಲ್ಲಿ. ಅದು ಕಾಫಿ ಕುಯ್ಲಿನ ಕಾಲ. ಕಣದ ತುಂಬ ಹಣ್ಣು ಹರಡಿರುವಾಗ ಮನೆಮಂದಿಯೆಲ್ಲ ಒಟ್ಟಿಗೆ ಹೊರಡುವಂತಿಲ್ಲ. ಇಂದು ನೀವು, ನಾಳೆ ನಾವು ಎಂದು ಸರದಿ ಮಾಡಿಕೊಂಡು ಹೋಗಿಬಂದೆವು. ಮೊದಲು ನೋಡಿದವರು ಕಥೆ ಹೇಳಬಾರದೆಂದು ಉಳಿದವರ ಕರಾರು. 1996ರಲ್ಲಿ ಹಳಿ ಬದಲಾವಣೆಗಾಗಿ ನಿಂತುಹೋಗಿದ್ದ ಘಟ್ಟದ ಪ್ರಯಾಣಿಕರ ರೈಲು ಅದಕ್ಕೆ ತುಸು ಮುಂಚೆ, 2007ರ ಡಿಸೆಂಬರಿನಲ್ಲಿ, ಮತ್ತೆ ಓಡತೊಡಗಿತ್ತು. ಹೀಗಾಗಿ ಆ ಚಳಿಗಾಲದಲ್ಲಿ ನಮ್ಮ ಊರುಗಳಲ್ಲಿ ಒಂದು ಬಗೆಯ ಲವಲವಿಕೆ ಇತ್ತು.

ಚಿತ್ರ ಯಶಸ್ವಿಯಾಯಿತು, ಹಾಡುಗಳು ಇಂದಿಗೂ ಜನರ ಬಾಯಲ್ಲಿವೆ. ಅನಂತನಾಗರ ಅಭಿನಯ ಹಿರಿಯರಿಗೆ ತೃಪ್ತಿ ಕೊಟ್ಟಿತು. ಮುಗಿಲುಪೇಟೆಯಾಗಿ ಕಂಡದ್ದು ಕೊಡಗಿನ ಮಾಂದಲಪಟ್ಟಿ. ಆ ಜಾಗವನ್ನು ಜನ ಈಗಲೂ ಚಿತ್ರದ ಹೆಸರಿನಿಂದಲೇ ಗುರುತಿಸುವುದುಂಟು. ಆದರೂ ನಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಕೊರತೆ ಉಳಿಯಿತು. ಎರಡು ಚಿತ್ರಗಳಲ್ಲಿಯೂ ಬೆಟ್ಟಕ್ಕೆ ಬರುವವನು ಪಟ್ಟಣದ ಹುಡುಗ. ಮಂಜು, ಮಳೆ, ಹಸಿರು ಅವನ ಮನಸ್ಸನ್ನು ಹಗುರಮಾಡುತ್ತವೆ. ಬೆಟ್ಟದಲ್ಲಿಯೇ ಹುಟ್ಟಿ ಬೆಟ್ಟದಲ್ಲಿಯೇ ಬಾಳುವವರ ಮನಸ್ಸಿನ ಭಾರವನ್ನು ಹಗುರಮಾಡುವವರು ಯಾರು? ಇದು ನಿರ್ದೇಶಕರ ಮೇಲಿನ ದೂರಲ್ಲ. ಅವರು ಹೇಳಹೊರಟ ಕಥೆ ಅದಾಗಿರಲಿಲ್ಲ, ಅಷ್ಟೇ.

ಇನ್ನೂ ತೆರೆಗೆ ಬಾರದ ಕಥೆಗಳು

ಆ ಬಳಿಕ ನಮ್ಮ ಗುಡ್ಡಗಳಿಗೆ ಪ್ರವಾಸಿಗರು ಹೆಚ್ಚಾದರು, ತೋಟದ ಮನೆಗಳು ಹೋಂಸ್ಟೇಗಳಾದವು. ಹಲವು ಕುಟುಂಬಗಳಿಗೆ ಅದರಿಂದ ಆಸರೆಯಾಯಿತು. ಹಳ್ಳಕೊಳ್ಳಗಳಲ್ಲಿ ಬಾಟಲಿಗಳೂ ಸೇರಿದವು. ಚಿತ್ರದಲ್ಲಿ ಕಂಡ ಮಳೆಯನ್ನು ಅರಸಿ ಬಂದವರು ನಿಜವಾದ ಮಳೆಯನ್ನು ಅರಿಯಲಿಲ್ಲ. 2018ರ ಆಗಸ್ಟಿನಲ್ಲಿ ಶಿರಾಡಿ ಘಟ್ಟದಲ್ಲಿ ಗುಡ್ಡ ಕುಸಿದು ಹೆದ್ದಾರಿಯೂ ರೈಲುಮಾರ್ಗವೂ ಬಂದಾದಾಗ ಮಳೆಯ ಇನ್ನೊಂದು ಮುಖ ನಾಡಿಗೆ ಗೋಚರಿಸಿತು.

ಆಲೂರು, ಸಕಲೇಶಪುರದ ತೋಟಗಳಲ್ಲಿ ಸಂಜೆಯಾದರೆ ಆನೆಯ ಭಯ. ಕೂಲಿಗೆ ಹೋದ ತಾಯಿ ಮನೆ ಸೇರುವವರೆಗೆ ಬಾಗಿಲಲ್ಲಿ ನಿಲ್ಲುವ ಮಕ್ಕಳಿದ್ದಾರೆ. ಮೈಸೂರು ದಸರೆಯಲ್ಲಿ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆ ಸೆರೆಹಿಡಿಯುವ ಕಾರ್ಯಾಚರಣೆಯಲ್ಲಿ ಮಡಿದದ್ದು ನಮ್ಮ ಯಸಳೂರು ವಲಯದಲ್ಲಿಯೇ. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಹೊಲ ಮನೆ ಒಪ್ಪಿಸಿ ಬೇರೆಡೆ ಒಲೆ ಹೂಡಿದವರಿದ್ದಾರೆ. ಮಕ್ಕಳೆಲ್ಲ ಬೆಂಗಳೂರು ಸೇರಿ, ದೊಡ್ಡ ತೊಟ್ಟಿಮನೆಯಲ್ಲಿ ಇಬ್ಬರೇ ದೀಪ ಹಚ್ಚುವ ವೃದ್ಧ ದಂಪತಿಗಳಿದ್ದಾರೆ. ಇವುಗಳಲ್ಲಿ ಒಂದೊಂದೂ ಒಂದು ಚಿತ್ರಕ್ಕೆ ಸಾಲುವ ಕಥೆಯೇ.

ನಮ್ಮ ನಿರೀಕ್ಷೆ ಹೇಗಿರಬೇಕು?

2022ರ ಆಗಸ್ಟಿನಲ್ಲಿ ‘ಗಾಳಿಪಟ 2’ ಬಂದಾಗ ಹಳೆಯ ನಿರೀಕ್ಷೆಯೇ ಮತ್ತೆ ತಲೆಯೆತ್ತಿದ್ದನ್ನು ಕಂಡೆವು. ಅಂದು ಕಾಲೇಜಿನಲ್ಲಿದ್ದವರು ತಮ್ಮ ಮಕ್ಕಳ ಕೈಹಿಡಿದು ಹೋದರು. ಕಳೆದುಹೋದ ತಮ್ಮ ಹದಿನಾಲ್ಕು ವರ್ಷಗಳನ್ನು ಚಿತ್ರವು ಹಿಂದಿರುಗಿಸಲೆಂದು ಬಯಸಿದರು. ಯಾವ ನಿರ್ದೇಶಕನಿಗೂ ಅದು ಸಾಧ್ಯವಾಗುವ ಮಾತಲ್ಲ.

ಆದುದರಿಂದ ಮುಂದೆ ಯಾವುದೇ ಹೆಸರಾಂತ ನಿರ್ದೇಶಕರು ಕ್ಯಾಮೆರಾ ಹೊತ್ತು ನಮ್ಮ ಘಟ್ಟವನ್ನೇರುವ ಸುದ್ದಿ ಬಂದಾಗ, ಹಿಂದಿನ ಚಿತ್ರವನ್ನೇ ಮರಳಿ ಕೊಡಿರೆಂದು ಕೇಳದಿರೋಣ. ಮಂಜಿನ ಆಚೆಗೆ ಲೈನ್ ಮನೆಗಳಿವೆ, ಅಡುಗೆಮನೆಗಳಿವೆ, ಒಳಗೆ ಮನುಷ್ಯರಿದ್ದಾರೆ. ಅಲ್ಲಿಗೂ ಒಮ್ಮೆ ಬನ್ನಿರೆಂದು ಕರೆಯೋಣ. ಅಂಥ ಚಿತ್ರವೊಂದು ಬಂದಾಗ, ಹಾಡಿಲ್ಲ, ಹಾಸ್ಯವಿಲ್ಲ ಎಂದು ಮನೆಯಲ್ಲಿ ಉಳಿಯದೆ, ಕುಯ್ಲಿನ ಕಾಲವಾದರೂ ಸರದಿ ಮಾಡಿಕೊಂಡು ಹೋಗಿ ನೋಡುವ ಹೊಣೆ ನಮ್ಮದು. ಒಳ್ಳೆಯ ಚಿತ್ರವನ್ನು ಬಯಸುವ ಹಕ್ಕು ಅದನ್ನು ನೋಡಲು ಎದ್ದು ಹೊರಡುವವರಿಗೆ ಸಲ್ಲುತ್ತದೆ.