ಮರವೂ ಬಗ್ಗೀತು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಮಕ್ಕಳ ಮುಂದೆ ಹೇಳುವವರು ಹಿರಿಯರು. ನಲವತ್ತೈದು ದಾಟಿದ ಮೇಲೆ ಅದೇ ಗಾದೆಯನ್ನು ತಮ್ಮ ಆಲಸ್ಯಕ್ಕೆ ಸಾಕ್ಷಿಯಾಗಿ ಕರೆಯುವವರೂ ಅವರೇ. ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳಲ್ಲಿ ಈ ಕಥೆ ಒಂದೇ ಬಗೆಯಾಗಿ ನಡೆಯುತ್ತದೆ. ಹುಬ್ಬಳ್ಳಿಯಲ್ಲಿ ಉದ್ಯೋಗ, ಧಾರವಾಡದಲ್ಲಿ ಮನೆ. ನಡುವೆ ಇಪ್ಪತ್ತು ಕಿಲೋಮೀಟರುಗಳ ಪ್ರಯಾಣ. ಕಚೇರಿಯಲ್ಲಿ ಕುರ್ಚಿ, ಬಸ್ಸಿನಲ್ಲಿ ಆಸನ, ಮನೆಗೆ ಬಂದರೆ ಮತ್ತೆ ಕುರ್ಚಿ. ಒಂದು ದಿನ ವೈದ್ಯರು ರಕ್ತದ ಒತ್ತಡ ನೋಡಿ ಹುಬ್ಬು ಗಂಟಿಕ್ಕುತ್ತಾರೆ. ಮರುದಿನವೇ ಹೊಸ ಬೂಟುಗಳು ಬರುತ್ತವೆ. ನೃಪತುಂಗ ಬೆಟ್ಟವನ್ನು ಒಂದೇ ಉಸಿರಿಗೆ ಏರುವ ಉತ್ಸಾಹ. ಉಣಕಲ್ ಕೆರೆಯ ದಂಡೆಯಲ್ಲಿ ತರುಣರಿಗೆ ಸರಿಸಾಟಿಯಾಗಿ ಓಡುವ ಹಟ. ಹತ್ತನೆಯ ದಿನಕ್ಕೆ ಮೊಣಕಾಲು ಊದಿಕೊಳ್ಳುತ್ತದೆ. ಹದಿನೈದನೆಯ ದಿನಕ್ಕೆ ಬೂಟುಗಳು ಮಂಚದ ಕೆಳಗೆ ಸೇರುತ್ತವೆ. ವಯಸ್ಸಾಯಿತು, ಇನ್ನು ಕೈಲಾಗದು ಎಂಬ ತೀರ್ಮಾನದೊಡನೆ ಪ್ರಕರಣ ಮುಗಿಯುತ್ತದೆ.

ಇಲ್ಲಿ ತಪ್ಪು ನಿಜವಾಗಿಯೂ ವಯಸ್ಸಿನದೇ? ಮೂವತ್ತರ ತರುವಾಯ ದೇಹದ ಮಾಂಸಖಂಡಗಳು ಪ್ರತಿ ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8ರಷ್ಟು ಕರಗುತ್ತವೆಂದು ಶರೀರಶಾಸ್ತ್ರಜ್ಞರು ಹೇಳುತ್ತಾರೆ. ಕೀಲುಗಳು ಬಿಗಿಯುತ್ತವೆ; ಪೆಟ್ಟು ಬಿದ್ದರೆ ಬೇಗ ಮಾಯುವುದಿಲ್ಲ. ಇದೆಲ್ಲ ನಿಜ. ಆದರೆ ಇನ್ನೊಂದು ಸಂಗತಿಯೂ ಅಷ್ಟೇ ನಿಜ. 1990ರಲ್ಲಿ ಅಮೆರಿಕದ ಸಂಶೋಧಕರು ವೃದ್ಧಾಶ್ರಮವೊಂದರಲ್ಲಿದ್ದ, ತೊಂಬತ್ತರ ಆಸುಪಾಸಿನ ಹತ್ತು ಮಂದಿ ದುರ್ಬಲರಿಗೆ ಎಂಟು ವಾರಗಳ ಕಾಲ ಕಾಲಿನಿಂದ ಭಾರವೆತ್ತುವ ಅಭ್ಯಾಸವನ್ನು ಕಣ್ಣೆದುರಿಗೇ ಮಾಡಿಸಿದರು. ಅವರ ಕಾಲುಗಳ ಬಲ ಸರಾಸರಿಯಲ್ಲಿ ಎರಡು ಪಟ್ಟನ್ನೂ ಮೀರಿ ಹೆಚ್ಚಿತು. ತೊಂಬತ್ತರ ದೇಹ ಮಾತು ಕೇಳುವುದಾದರೆ ಐವತ್ತರದು ಕೇಳದೆ ಇದ್ದೀತೇ? ಮರ ಬಗ್ಗುತ್ತದೆ, ಎಷ್ಟು ಬಗ್ಗಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಬಲ್ಲ ಕೈ ಬೇಕು.

ಅಂಥ ಕೈಯ ಬೆಲೆಯನ್ನು ಉತ್ತರ ಕರ್ನಾಟಕ ಬಹಳ ಹಿಂದೆಯೇ ಅರಿತಿತ್ತು. ಈ ಸೀಮೆಯ ಗರಡಿಮನೆಗಳಲ್ಲಿ ಕೆಮ್ಮಣ್ಣಿನ ಅಖಾಡಕ್ಕೆ ಇಳಿಯುವ ಹುಡುಗ ತನ್ನ ಮನಸ್ಸಿಗೆ ಬಂದಷ್ಟು ಬೈಠಕ್ ತೆಗೆಯುವಂತಿಲ್ಲ, ದಂಡ ಹೊಡೆಯುವಂತಿಲ್ಲ. ಯಾರಿಗೆ ಎಷ್ಟು ಎಂಬುದನ್ನು ಗೊತ್ತುಮಾಡುವವರು ವಸ್ತಾದರು. ಅವರು ಹುರಿದುಂಬಿಸುವುದಕ್ಕಿಂತ ಹೆಚ್ಚಾಗಿ ತಡೆಯುತ್ತಾರೆ. ಆದರೆ ಗರಡಿಯ ಶಿಸ್ತು ಏರುಜವ್ವನದ ಪೈಲವಾನರಿಗಾಗಿ ಹುಟ್ಟಿದ್ದು. ಸಂಸಾರದ ಭಾರ ಹೊತ್ತ ಗೃಹಸ್ಥನಿಗೆ, ಅಡಿಗೆಮನೆಯಲ್ಲೇ ಅರ್ಧ ಆಯುಷ್ಯ ಕಳೆದ ಗೃಹಿಣಿಗೆ ವಸ್ತಾದರು ಯಾರು?

ಈ ಪ್ರಶ್ನೆಗೆ ಉತ್ತರವಾಗಿ ನಿಲ್ಲಬಲ್ಲ ಗುರುವೊಬ್ಬರ ಬೋಧನೆಯ ಮೊದಲ ಹೆಜ್ಜೆಗಳು ಬಿದ್ದದ್ದು ಧಾರವಾಡದಲ್ಲೇ. 1936ರಲ್ಲಿ ಮೈಸೂರಿನ ಯೋಗಾಚಾರ್ಯ ತಿರುಮಲೈ ಕೃಷ್ಣಮಾಚಾರ್ಯರು ಶಿಷ್ಯರೊಡನೆ ಉತ್ತರ ಕರ್ನಾಟಕದಲ್ಲಿ ಸಂಚಾರ ಕೈಗೊಂಡು ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳಲ್ಲಿ ಆಸನಗಳ ಪ್ರದರ್ಶನ ನಡೆಸಿದರು. ಇವು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಊರುಗಳು. ಧಾರವಾಡದ ಮಹಿಳೆಯರು ಕೆಲವರು ತಮಗೂ ಕಲಿಸಬೇಕೆಂದು ಕೇಳಿದರು. ಹೆಂಗಸರಿಗೆ ಪಾಠ ಹೇಳಲು ಶಿಷ್ಯರಲ್ಲೆಲ್ಲ ಚಿಕ್ಕವನಾದ ಹುಡುಗನೇ ತಕ್ಕವನೆಂದು ಆಚಾರ್ಯರು ತಮ್ಮ ಹೆಂಡತಿಯ ತಮ್ಮನನ್ನು ನೇಮಿಸಿದರು. ಆ ಹುಡುಗನೇ ಬೆಳ್ಳೂರು ಕೃಷ್ಣಮಾಚಾರ್ ಸುಂದರರಾಜ ಅಯ್ಯಂಗಾರ್. ಮುಂದೆ ಜಗತ್ತು ಬಿ.ಕೆ.ಎಸ್. ಅಯ್ಯಂಗಾರ್ ಎಂದು ಕರೆದದ್ದು ಅವರನ್ನೇ.

ಅವರೇನು ಹುಟ್ಟುಬಲಶಾಲಿಯಲ್ಲ. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದ ಅವರು ಬಾಲ್ಯದಲ್ಲಿ ಮಲೇರಿಯಾ, ವಿಷಮಶೀತಜ್ವರ, ಕ್ಷಯಗಳಿಂದ ಬಳಲಿದವರು. ಬಾಗದ ದೇಹದ ಸಂಕಟವನ್ನು ಸ್ವತಃ ಉಂಡವರಾದ್ದರಿಂದ ಇತರರ ಸಂಕಟ ಅವರಿಗೆ ಕಾಣುತ್ತಿತ್ತು. ಬೆಳಗಾವಿಯಲ್ಲಿ ಆ ಪ್ರದರ್ಶನವನ್ನು ನೋಡಿದ ಸಿವಿಲ್ ಸರ್ಜನ್ ಡಾಕ್ಟರ್ ವಿ.ಬಿ. ಗೋಖಲೆಯವರು ಮರುವರ್ಷ, 1937ರಲ್ಲಿ, ಅವರನ್ನು ಪುಣೆಯ ಡೆಕ್ಕನ್ ಜಿಮಖಾನಕ್ಕೆ ಕರೆಸಿದರು. ಕರೆದದ್ದು ಆರು ತಿಂಗಳಿಗೆ. ಅವರು ಉಳಿದದ್ದು 2014ರಲ್ಲಿ ಕಣ್ಮುಚ್ಚುವವರೆಗೆ.

ಪುಣೆಯಲ್ಲಿ ಅವರ ಬಳಿಗೆ ಬಂದವರಲ್ಲಿ ನಡುವಯಸ್ಸಿನವರು ಅನೇಕರು. ತತ್ತ್ವಚಿಂತಕ ಜೆ. ಕೃಷ್ಣಮೂರ್ತಿಯವರು ಅವರಲ್ಲಿ ಅಭ್ಯಾಸ ಆರಂಭಿಸಿದ್ದು ಐವತ್ತು ದಾಟಿದ ಮೇಲೆ. 1952ರಲ್ಲಿ ಭಾರತಕ್ಕೆ ಬಂದ ಪ್ರಖ್ಯಾತ ಪಿಟೀಲು ವಾದಕ ಯೆಹೂದಿ ಮೆನುಹಿನ್ ಅವರಿಗೆ ಆಗ ಮೂವತ್ತೈದು ವರ್ಷ. ನಿದ್ರೆಯಿಲ್ಲ, ಮೈಯೆಲ್ಲ ದಣಿವು. ಅಯ್ಯಂಗಾರರಿಗೆ ಐದು ನಿಮಿಷಗಳ ಭೇಟಿಯಷ್ಟೇ ಎಂದು ಮೊದಲೇ ತಿಳಿಸಲಾಗಿತ್ತು. ಅಯ್ಯಂಗಾರರು ಕಠಿಣವಾದ ಯಾವ ಆಸನವನ್ನೂ ತೋರಿಸಲಿಲ್ಲ. ದಣಿದ ಮನುಷ್ಯನನ್ನು ಶವಾಸನದಲ್ಲಿ ಮಲಗಿಸಿದರು. ಮೆನುಹಿನ್ ಗಾಢ ನಿದ್ರೆಗೆ ಇಳಿದರು. ಎಚ್ಚತ್ತ ಮೇಲೆ ಶಿಷ್ಯರಾದರು. ಎರಡು ವರ್ಷಗಳ ಅನಂತರ ಗುರುವನ್ನು ಯೂರೋಪಿಗೆ ಕರೆಸಿಕೊಂಡು ಒಂದು ಕೈಗಡಿಯಾರವನ್ನು ಕಾಣಿಕೆಯಿತ್ತರು. ಅದರ ಮೇಲೆ ಅಯ್ಯಂಗಾರರನ್ನು ತಮ್ಮ ಅತ್ಯುತ್ತಮ ಪಿಟೀಲು ಗುರುವೆಂದು ಕೆತ್ತಿಸಿದ್ದರು. ಬೆಲ್ಜಿಯಮ್ಮಿನ ರಾಜಮಾತೆ ಎಲಿಜಬೆತ್ ಶೀರ್ಷಾಸನ ಕಲಿತದ್ದು ಎಂಬತ್ತರ ಆಸುಪಾಸಿನಲ್ಲಿ.

ಇವರೆಲ್ಲ ದೊಡ್ಡವರು, ನಮಗೆಲ್ಲಿ ಸಾಧ್ಯ ಎನ್ನುವವರು ಆ ಗುರುವಿನ ವಿಧಾನವನ್ನು ಗಮನಿಸಬೇಕು. ಬಗ್ಗಿದಾಗ ಕೈ ನೆಲಕ್ಕೆ ಮುಟ್ಟದವನಿಗೆ ಅವರು ಮುಟ್ಟಿಯೇ ತೀರೆಂದು ಹೇಳಲಿಲ್ಲ. ಕೈಯ ಕೆಳಗೊಂದು ಮರದ ಇಟ್ಟಿಗೆಯಿಟ್ಟರು. ಕಾಲು ಹಿಡಿಯಲಾರದವರಿಗೆ ಪಟ್ಟಿ ಕೊಟ್ಟರು. ನಿಲ್ಲಲಾರದವರಿಗೆ ಗೋಡೆ, ಹಗ್ಗ, ಕುರ್ಚಿಗಳ ಆಸರೆ ಒದಗಿಸಿದರು. ನೆಲವನ್ನೇ ಶಿಷ್ಯನ ಕೈಗೆ ತಂದುಕೊಟ್ಟ ಜಾಣ್ಮೆ ಅದು. ಇಂದಿನ ಅಳತೆ ಇಷ್ಟು, ನಾಳೆಯದು ಇದಕ್ಕಿಂತ ಒಂದು ಬೆರಳು ಹೆಚ್ಚು. ನಡುವಯಸ್ಸಿನ ಅಂಗಸಾಧನೆಯ ಗುಟ್ಟೆಲ್ಲ ಇಷ್ಟೇ. 1979ರಲ್ಲಿ, ಅರುವತ್ತರ ವಯಸ್ಸಿನಲ್ಲಿ, ಸ್ಕೂಟರು ಅಪಘಾತಗಳಿಂದ ಬೆನ್ನಿಗೂ ಭುಜಕ್ಕೂ ಪೆಟ್ಟಾದಾಗ ಅಯ್ಯಂಗಾರರು ತಾವೇ ಮೊದಲ ಪಾಠಕ್ಕೆ ಹಿಂದಿರುಗಿದರು. ಕಳೆದುಕೊಂಡದ್ದನ್ನು ಮರಳಿ ಪಡೆಯಲು ವರ್ಷಗಳೇ ಹಿಡಿದವು. ಗುರುವಿಗೂ ಬೇರೆ ದಾರಿ ಇರಲಿಲ್ಲ.

ಅಭ್ಯಾಸ ಮೈಗೂಡಲು ಎಷ್ಟು ದಿನ ಬೇಕು? ಇಪ್ಪತ್ತೊಂದು ದಿನ ಸಾಕೆಂಬ ಮಾತು ಎಲ್ಲೆಡೆಯೂ ಕೇಳಿಬರುತ್ತದೆ. ಲಂಡನ್ನಿನ ವಿಶ್ವವಿದ್ಯಾನಿಲಯವೊಂದರ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತು. ಹೊಸದೊಂದು ಕಾರ್ಯ ತಾನಾಗಿ ನಡೆಯುವ ರೂಢಿಯಾಗಲು ಸಾಮಾನ್ಯವಾಗಿ 66 ದಿನ ಬೇಕಾದವು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನಗಳಷ್ಟು ಕಾಲ ಬೇಕೆಂದು ಲೆಕ್ಕ ಬಂತು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚಿನ ಹಾನಿಯಿಲ್ಲವೆಂದೂ ಕಂಡುಬಂತು. ಹದಿನೈದನೆಯ ದಿನಕ್ಕೆ ಕೈಬಿಟ್ಟವನು ಸೋತವನಲ್ಲ, ಅರ್ಧ ದಾರಿಯನ್ನೂ ಕ್ರಮಿಸದವನು. ಆ ಎರಡು ಮೂರು ತಿಂಗಳ ಕಾಲ ಜೊತೆಗಿದ್ದು, ತಪ್ಪಿದ ಮರುದಿನ ಬೈಯದೆ ಮತ್ತೆ ಕರೆಯುವುದೇ ತರಬೇತುದಾರನ ಮುಖ್ಯ ಕೆಲಸ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಪ್ರಮಾಣವೂ ಹೆದರಿಸುವಂಥದಲ್ಲ. ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸು ನಡಿಗೆ, ಅಂದರೆ ಐದು ದಿನ ಅರ್ಧ ಗಂಟೆಯಂತೆ. ಜೊತೆಗೆ ಎರಡು ದಿನ ಮಾಂಸಖಂಡಗಳಿಗೆ ಬಲ ಕೊಡುವ ವ್ಯಾಯಾಮ. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವುದೂ ಗೋಡೆಗೆ ಕೈಯಿಟ್ಟು ದಂಡ ಹೊಡೆಯುವುದೂ ಒಳ್ಳೆಯ ಆರಂಭಗಳೇ. ಧಾರವಾಡದ ಮಳೆಗಾಲ ನಾಲ್ಕು ತಿಂಗಳ ನಡಿಗೆಯನ್ನು ಕೆಡಿಸದಂತೆ ಮನೆಯೊಳಗಿನ ಪಾಠವನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಗುರುವನ್ನು ಆರಿಸುವಾಗಲೂ ಎಚ್ಚರ ಅಗತ್ಯ. ಒಳ್ಳೆಯ ತರಬೇತುದಾರನು ಮೊದಲ ದಿನ ಭಾರ ಎತ್ತಿಸುವುದಿಲ್ಲ. ರಕ್ತದ ಒತ್ತಡ, ಸಕ್ಕರೆ, ಮೊಣಕಾಲು, ನಿದ್ರೆಗಳ ವಿಚಾರ ಕೇಳುತ್ತಾನೆ. ನಡೆಯುವಾಗ ಎದೆನೋವು ಅಥವಾ ತಲೆಸುತ್ತು ಬರುವವರನ್ನು ನೇರವಾಗಿ ವೈದ್ಯರ ಬಳಿಗೆ ಕಳುಹಿಸುತ್ತಾನೆ. ತಿಂಗಳೊಳಗೆ ಹತ್ತು ಕಿಲೋ ಇಳಿಸುವೆನೆಂದು ಆಣೆಯಿಡುವವನಿಂದ ದೂರವಿರುವುದೇ ಲೇಸು.

ಇಷ್ಟೆಲ್ಲ ಇದ್ದರೂ ಗೃಹಿಣಿಯ ತೊಡಕು ಬಿಡಿಸಿದಂತಾಗದು. ಬೆಳಗಿನ ಐದರಿಂದ ಒಂಬತ್ತರವರೆಗೆ ಒಲೆ, ಡಬ್ಬಿ, ನೀರುಗಳ ನಡುವೆ ಅವಳಿಗೆ ಬಿಡುವೆಲ್ಲಿ? ಮನೆಗೆಲಸವೇ ವ್ಯಾಯಾಮವಲ್ಲವೇ ಎನ್ನುವವರು ಅವಳ ಸೊಂಟನೋವನ್ನು ವಿಚಾರಿಸಿದವರಲ್ಲ. 1936ರಲ್ಲಿ ಧಾರವಾಡದ ಮಹಿಳೆಯರು ನಮಗೂ ಕಲಿಸಿರೆಂದು ಬಾಯಿಬಿಟ್ಟು ಕೇಳಿದ್ದರಿಂದ ಅವರಿಗೊಬ್ಬ ಗುರು ಸಿಕ್ಕ. ಇಂದು ಗುರುಗಳು ಹಲವರಿದ್ದಾರೆ. ಅರ್ಧ ಗಂಟೆಯ ಬಿಡುವನ್ನು ಮಾತ್ರ ಮನೆಯವರೇ ಕೊಡಬೇಕು. ಗಂಡ ಚಹಾ ಕಾಸಿದರೆ, ಮಕ್ಕಳು ತಮ್ಮ ಡಬ್ಬಿ ತಾವೇ ತುಂಬಿಕೊಂಡರೆ, ಆ ಅರ್ಧ ಗಂಟೆ ದೊರೆಯುತ್ತದೆ.

ಕೊನೆಗೆ ಗುರುವಿನ ಯಶಸ್ಸನ್ನು ಅಳೆಯುವುದು ಅವನ ಎದುರಿಗೆ ಶಿಷ್ಯ ಎಷ್ಟು ಮಾಡಿದನೆಂಬುದರಿಂದಲ್ಲ. ಗುರು ಊರಲ್ಲಿಲ್ಲದ ದಿನ, ಮಳೆ ಹಿಡಿದ ಮುಂಜಾನೆ, ಯಾರೂ ನೋಡದ ಹೊತ್ತಿನಲ್ಲಿ ಶಿಷ್ಯ ತಾನಾಗಿಯೇ ಎದ್ದು ಚಾಪೆ ಹಾಸಿದರೆ ಕಲಿಸಿದವನ ಶ್ರಮ ಸಾರ್ಥಕವಾಯಿತು.